ಹಳಿ ಮುಗಿಯುವಲ್ಲಿ ಸೈಕಲ್ ಇಳಿಸಿ: ತಾಳಗುಪ್ಪದಿಂದ ಮಂಗಳೂರಿಗೆ ಒಂದು ದಾರಿ

ತಾಳಗುಪ್ಪದಲ್ಲಿ ರೈಲು ಹಳಿ ಮುಗಿಯುತ್ತದೆ. ಮೈಸೂರಿನಿಂದ ಸಂಜೆ ಹೊರಟು, ಬೆಂಗಳೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ರಾತ್ರಿಯಿಡೀ ಓಡಿದ ರೈಲು ಬೆಳಿಗ್ಗೆ ಇಲ್ಲಿ ಬಂದು ನಿಲ್ಲುತ್ತದೆ. ಮುಂದೆ ಹೋಗಲು ಅದಕ್ಕೆ ದಾರಿಯೇ ಇಲ್ಲ. ಇಲ್ಲಿಂದ ಪಶ್ಚಿಮಕ್ಕೆ ಸುಮಾರು 75 ಕಿ.ಮೀ. ಹೋದರೆ, ಘಟ್ಟದ ಕೆಳಗೆ ಹೊನ್ನಾವರದಲ್ಲಿ ಇನ್ನೊಂದು ಹಳಿ ಸಿಗುತ್ತದೆ. ಅದು ಕೊಂಕಣ ರೈಲ್ವೆ. ಇವೆರಡನ್ನೂ ಜೋಡಿಸಿ ಎಂಬ ಬೇಡಿಕೆ ಬಹಳ ಹಳೆಯದು, ಇವತ್ತಿಗೂ ಜೋಡಣೆ ಆಗಿಲ್ಲ. ನಡುವೆ ಇರುವುದು ಜೋಗ, ಶರಾವತಿ ಕಣಿವೆ, ಸಿಂಗಳೀಕಗಳ ಕಾಡು, ಗೇರುಸೊಪ್ಪೆ ಘಟ್ಟ.

ಮಲೆನಾಡು ಮತ್ತು ಕರಾವಳಿಯನ್ನು ಕಾರಿಲ್ಲದೆ ನೋಡುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಈ 75 ಕಿ.ಮೀ.ಯಿಂದಲೇ ಶುರು ಮಾಡುತ್ತೇನೆ. ರೈಲು, ಬಸ್ಸು, ಸೈಕಲ್ ಮೂರನ್ನೂ ಸೇರಿಸಿಕೊಂಡು ತಿರುಗುವುದು ಮೊದಲ ಸಲ ಸ್ವಲ್ಪ ಗೋಜಲು ಅನ್ನಿಸುತ್ತದೆ. ಸೈಕಲ್ ರೈಲಿಗೆ ಹತ್ತುತ್ತದೋ ಇಲ್ಲವೋ, ಘಟ್ಟ ತುಳಿಯಲು ಆಗುತ್ತದೋ, ನಡುವೆ ಸುಸ್ತಾದರೆ ಏನು ಗತಿ? ನೆಲ ಹೇಗಿದೆ ಅನ್ನುವುದು ತಲೆಯಲ್ಲಿ ಕೂತರೆ ಈ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಬಗೆಹರಿಯುತ್ತವೆ.

ನಮ್ಮ ರಾಜ್ಯದ ಪಶ್ಚಿಮ ಅಂಚನ್ನು ಒಂದು ಮೆಟ್ಟಿಲು ಅಂದುಕೊಳ್ಳಿ. ಮೇಲಿನ ಮೆಟ್ಟಿಲು ಮಲೆನಾಡು, ಸಮುದ್ರ ಮಟ್ಟದಿಂದ ಐದಾರು ನೂರು ಮೀಟರ್ ಎತ್ತರ ಅಥವಾ ಅದಕ್ಕಿಂತ ಜಾಸ್ತಿ. ಕೆಳಗಿನದು ಕರಾವಳಿ. ನಡುವಿನ ಗೋಡೆಯೇ ಘಟ್ಟ. ಮೇಲೂ ರೈಲಿದೆ, ಕೆಳಗೂ ರೈಲಿದೆ. ಆದರೆ ಕರ್ನಾಟಕದಿಂದ ಈ ಗೋಡೆ ಇಳಿಯುವ ರೈಲು ದಾರಿಗಳು ಎರಡೇ. ಒಂದು ಕ್ಯಾಸಲ್ ರಾಕ್‌ನಿಂದ ದೂಧ್‌ಸಾಗರದ ಪಕ್ಕ ಹಾದು ಗೋವಾಕ್ಕೆ ಇಳಿಯುತ್ತದೆ. ಇನ್ನೊಂದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ.

ಎರಡೇ ಯಾಕೆ? ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಓಡುತ್ತದೆ, ಅಲ್ಲಿ ಹಿಡಿತ ಬಹಳ ಕಡಿಮೆ. ಸಮತಟ್ಟಿನಲ್ಲಿ ಅದೇ ಒಳ್ಳೆಯದು, ಸಲೀಸಾಗಿ ಓಡುತ್ತದೆ. ಏರು ಬಂದರೆ ಚಕ್ರ ಜಾರುತ್ತದೆ. ಸಕಲೇಶಪುರ ಘಟ್ಟದ ಹಳಿಯ ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ರೈಲಿಗೆ ಅದೇ ಕಡಿದು ಏರು. ಅಷ್ಟು ಮೆಲ್ಲಗೆ ಏರಿಸಲು ಸುಮಾರು 55 ಕಿ.ಮೀ. ಹಳಿ, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ ಬೇಕಾಯಿತು. ರಬ್ಬರ್ ಟೈರಿನ ಬಸ್ಸಿಗೆ ಈ ಕಟ್ಟುಪಾಡಿಲ್ಲ. ಆಗುಂಬೆಯಲ್ಲಿ 14 ತಿರುವು ಹಾಕಿಸಿ ರಸ್ತೆಯನ್ನು ಸೀದಾ ಕೆಳಗಿಳಿಸಿದ್ದಾರೆ. ಹಾಗಾಗಿ ಹಳಿ ಎರಡೇ ಕಡೆ ಇಳಿದರೂ ರಸ್ತೆಗಳು ಹತ್ತಾರು ಕಡೆ ಇಳಿಯುತ್ತವೆ: ಶಿರಾಡಿ, ಚಾರ್ಮಾಡಿ, ಆಗುಂಬೆ, ಹುಲಿಕಲ್, ಗೇರುಸೊಪ್ಪೆ, ದೇವಿಮನೆ, ಅರಬೈಲು.

ಇಲ್ಲಿಂದ ಲೆಕ್ಕ ಸುಲಭ. ದೂರದ ಪ್ರಯಾಣಕ್ಕೆ ರೈಲು. ಘಟ್ಟ ಇಳಿಯಲು ಮತ್ತು ಸಮತಟ್ಟಾದ ಕರಾವಳಿಗೆ ಸೈಕಲ್. ಹತ್ತುವುದಕ್ಕೂ, ಕಾಲು ಸೋತಾಗಲೂ ಬಸ್ಸು. ಸೈಕಲ್ಲನ್ನು ಮೇಲಿನ ಮೆಟ್ಟಿಲಲ್ಲಿ ರೈಲಿನಿಂದ ಇಳಿಸಿಕೊಂಡು, ಕೆಳಗಿನ ಮೆಟ್ಟಿಲಲ್ಲಿ ರೈಲು ಹತ್ತಬೇಕು. ಇದರ ಉಲ್ಟಾ ಮಾಡಬೇಡಿ.

ಸೈಕಲ್ ರೈಲಿಗೆ ಹತ್ತುವ ಬಗೆ

ಜನ ಜಾಸ್ತಿ ಎಡವುವುದು ಇಲ್ಲೇ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೈಕಲ್ಲನ್ನು ನಿಮ್ಮ ಬೋಗಿಯೊಳಗೆ ತರುವಂತಿಲ್ಲ. ಅದು ರೈಲಿನ ತುದಿಗಳಲ್ಲಿರುವ ಲಗೇಜ್ ವ್ಯಾನಿಗೆ ಹೋಗುತ್ತದೆ. ಬುಕ್ ಮಾಡುವುದು ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ. ಅಲ್ಲಿ ಎರಡು ಬಗೆ ಇದೆ. 'ಲಗೇಜ್' ಅಂದರೆ ನಿಮ್ಮ ಟಿಕೆಟ್ ತೋರಿಸಿ, ನೀವು ಹೋಗುವ ರೈಲಿನಲ್ಲೇ ಸಾಮಾನು ಕಳಿಸುವುದು. 'ಪಾರ್ಸೆಲ್' ಅಂದರೆ ಟಿಕೆಟ್ಟಿಗೆ ಸಂಬಂಧವಿಲ್ಲದೆ ಕಳಿಸುವುದು, ಅದು ಬೇರೆ ರೈಲಿನಲ್ಲಿ ನಾಳೆ ಬಂದರೂ ಬಂದೀತು. ನಿಮಗೆ ಬೇಕಾದದ್ದು ಲಗೇಜ್. ಕೌಂಟರಿನಲ್ಲಿ ಈ ಮಾತನ್ನೇ ಬಾಯಿಬಿಟ್ಟು ಹೇಳಿ.

ರೈಲು ಹೊರಡುವ ಅರ್ಧ ಗಂಟೆ ಮುಂಚೆಯಾದರೂ ಸಾಮಾನು ಒಪ್ಪಿಸಬೇಕು ಎನ್ನುವುದು ನಿಯಮ. ನಾನು ಎರಡು ಗಂಟೆ ಮುಂಚೆಯೇ ಹೋಗುತ್ತೇನೆ. ತೂಕ, ಫಾರಂ, ಸಹಿ, ಹಣ, ರಸೀದಿ ಎಲ್ಲ ಆಗಬೇಕಲ್ಲ. ಒಂದು ರಟ್ಟಿನ ತುಂಡಿನ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು, ಫೋನ್ ನಂಬರ್, ಪಿಎನ್‌ಆರ್, ಎಲ್ಲಿಂದ ಎಲ್ಲಿಗೆ ಅಂತ ಬರೆದು ಹ್ಯಾಂಡಲ್ಲಿಗೆ ಬಿಗಿಯಾಗಿ ಕಟ್ಟಿ. ಲೈಟು, ನೀರಿನ ಬಾಟಲಿ, ಪಂಪು ಎಲ್ಲ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ. ಹಿಂದಿನ ಚಕ್ರದ ಪಕ್ಕ ನೇತಾಡುವ ಗೇರ್ ಬದಲಿಸುವ ಭಾಗ ಬಹಳ ನಾಜೂಕು. ಅದಕ್ಕೆ ಹಳೇ ಬಟ್ಟೆ ಸುತ್ತಿ, ಮೇಲೊಂದು ರಟ್ಟು ಕಟ್ಟಿ. ವ್ಯಾನಿನಲ್ಲಿ ನಿಮ್ಮ ಸೈಕಲ್ಲಿಗೆ ಒರಗಿಕೊಂಡು ಒಂದು ಬೈಕು, ನಾಲ್ಕು ಮೂಟೆ, ಮೀನಿನ ಪೆಟ್ಟಿಗೆ ಏನು ಬೇಕಾದರೂ ಇರಬಹುದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ರೈಲು ಹೊರಡುವ ನಿಲ್ದಾಣದಲ್ಲಿ ಹತ್ತಿಸಿ, ಕೊನೆಯ ನಿಲ್ದಾಣದಲ್ಲಿ ಇಳಿಸಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಒಂದು ಸಲ ಎರಡೇ ನಿಮಿಷ ನಿಲ್ಲುವ ನಿಲ್ದಾಣಕ್ಕೆ ಸೈಕಲ್ ಬುಕ್ ಮಾಡಿದ್ದೆ. ರೈಲು ನಿಂತ ಕೂಡಲೇ ಇಳಿದು ಪ್ಲಾಟ್‌ಫಾರಂ ಉದ್ದಕ್ಕೂ ಓಡಿದೆ. ವ್ಯಾನಿನ ಬಾಗಿಲು ತೆಗೆದರು. ಮೂಟೆಗಳ ಹಿಂದೆ ನನ್ನ ಸೈಕಲ್ಲಿನ ನೀಲಿ ಹ್ಯಾಂಡಲ್ ಕಾಣುತ್ತಿತ್ತು. ಒಂದು ಮೂಟೆ ಸರಿಸುವಷ್ಟರಲ್ಲಿ ರೈಲು ಹೊರಟಿತು. ಸೈಕಲ್ ಕೊನೆಯ ನಿಲ್ದಾಣದವರೆಗೆ ಹೋಗಿ, ಮರುದಿನ ಸಂಜೆ ನನ್ನ ಕೈಗೆ ಬಂತು. ಒಂದೂವರೆ ದಿನ ಆ ಊರಲ್ಲೇ ಕಾದೆ.

ತಾಳಗುಪ್ಪ ಇಷ್ಟವಾಗುವುದು ಅದಕ್ಕೇ. ಅದು ಕೊನೆಯ ನಿಲ್ದಾಣ, ಇಳಿಸಲು ಯಾವ ಗಡಿಬಿಡಿಯೂ ಇಲ್ಲ. ಮಂಗಳೂರು ಸೆಂಟ್ರಲ್ಲೂ ಅಷ್ಟೇ. ಹಾಗಾಗಿ ತಾಳಗುಪ್ಪದಲ್ಲಿ ಇಳಿದು, ಸೈಕಲ್‌ನಲ್ಲಿ ಹೊನ್ನಾವರಕ್ಕೆ ಹೋಗಿ, ಕಡಲ ಅಂಚು ಹಿಡಿದು ಮಂಗಳೂರು ಸೇರಿ, ಅಲ್ಲಿಂದ ಮತ್ತೆ ರೈಲು ಹತ್ತುವುದು ಸರಿಯಾದ ಸುತ್ತು. ಒಟ್ಟು ಸುಮಾರು 260 ಕಿ.ಮೀ. ಸೈಕಲ್, ನಾಲ್ಕು ದಿನ. ಎಲ್ಲ ನಿಲ್ದಾಣಗಳಲ್ಲೂ ಲಗೇಜ್ ಬುಕಿಂಗ್ ಇರುವುದಿಲ್ಲ, ಆದ್ದರಿಂದ ಟಿಕೆಟ್ ಮಾಡಿಸುವ ಮುಂಚೆ ಪಾರ್ಸೆಲ್ ಆಫೀಸಿನಲ್ಲಿ ಒಂದು ಮಾತು ಕೇಳಿಬಿಡಿ.

ಇಳಿಜಾರು

ತಾಳಗುಪ್ಪದಿಂದ ಜೋಗಕ್ಕೆ ಸುಮಾರು 15 ಕಿ.ಮೀ. ಅಡಿಕೆ ತೋಟ, ಗದ್ದೆ, ಸಣ್ಣ ಸಣ್ಣ ಏರು. ರಾತ್ರಿ ರೈಲಿನಲ್ಲಿ ಮರಗಟ್ಟಿದ ಮೈಗೆ ಇದು ಹದವಾದ ವ್ಯಾಯಾಮ. (ಒಂದು ದಿನ ಜಾಸ್ತಿ ಇದ್ದರೆ ಸಾಗರದಲ್ಲಿ ಉಳಿದು ಇಕ್ಕೇರಿ, ಕೆಳದಿ ನೋಡಿ. ಎರಡೂ ಊರಿಂದ ಹತ್ತು ಕಿ.ಮೀ. ಒಳಗೇ ಇವೆ, ಸೈಕಲ್ಲಿಗೆಂದೇ ಅಳೆದಿಟ್ಟ ದೂರ.) ಜೋಗದಲ್ಲಿ ನೀರು 253 ಮೀಟರ್ ಬೀಳುತ್ತದೆ. ಎಷ್ಟು ನೀರು ಬೀಳುತ್ತದೆ ಅನ್ನುವುದು ಮಾತ್ರ ಮಳೆಯ ಮೇಲೆ ಮತ್ತು 1964ರಲ್ಲಿ ಆದ ಲಿಂಗನಮಕ್ಕಿ ಅಣೆಕಟ್ಟಿನ ಮೇಲೆ ನಿಂತಿದೆ. ವಿದ್ಯುತ್ತಿಗೆ ನೀರು ಹಿಡಿದಿಡುವುದರಿಂದ ಬೇಸಿಗೆಯಲ್ಲಿ ಜೋಗ ಬಡಕಲಾಗಿರುತ್ತದೆ.

ಜೋಗ ಬಿಟ್ಟು ಮಾವಿನಗುಂಡಿ ದಾಟಿದ ಮೇಲೆ ಕಾಡು ಎರಡೂ ಕಡೆಯಿಂದ ರಸ್ತೆಗೆ ಬಾಗುತ್ತದೆ. ಇದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ಕಪ್ಪು ಮೈ, ಮುಖದ ಸುತ್ತ ಬಿಳಿ ಜೂಲು, ಸಿಂಹದಂಥ ಬಾಲ. ಈ ಕೋತಿ ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಗುವುದಿಲ್ಲ. ಕಾರಿನಲ್ಲಿ ಹೋಗುವವರಿಗೆ ಇವು ಕಾಣುವುದು ಅಪರೂಪ. ಸೈಕಲ್ ನಿಲ್ಲಿಸಿ ಐದು ನಿಮಿಷ ಸುಮ್ನೆ ನಿಂತರೆ ಮೇಲೆ ಕೊಂಬೆ ಅಲ್ಲಾಡುವ ಸದ್ದಾದರೂ ಕೇಳುತ್ತದೆ. ದಯವಿಟ್ಟು ಅವಕ್ಕೆ ಬಾಳೆಹಣ್ಣು, ಬಿಸ್ಕತ್ತು ಹಾಕಬೇಡಿ. ತಿಂಡಿ ಆಸೆಗೆ ರಸ್ತೆಗೆ ಇಳಿದ ಕೋತಿ ಲಾರಿಗೆ ಸಿಗುತ್ತದೆ.

ಈಗ ಬ್ರೇಕ್ ವಿಷಯ. ನೀವು, ಸೈಕಲ್, ಚೀಲ ಸೇರಿ 90 ಕೆ.ಜಿ. ಅಂತಿಟ್ಟುಕೊಳ್ಳಿ. ಘಟ್ಟದಲ್ಲಿ 500 ಮೀಟರ್ ಇಳಿಯುವಾಗ ಆ ಭಾರದ ಶಕ್ತಿ ಎಲ್ಲಿಗಾದರೂ ಹೋಗಬೇಕಲ್ಲ? ಅಷ್ಟನ್ನೂ ಬ್ರೇಕಿನಲ್ಲೇ ತಡೆದರೆ ಹುಟ್ಟುವ ಶಾಖದಲ್ಲಿ ಒಂದು ಲೀಟರಿಗೂ ಜಾಸ್ತಿ ತಣ್ಣೀರನ್ನು ಕುದಿಸಬಹುದು. ಅಷ್ಟು ಶಾಖ ಎರಡು ಜೊತೆ ಸಣ್ಣ ಬ್ರೇಕ್ ಪ್ಯಾಡು ಮತ್ತು ಚಕ್ರದ ಬಳೆಗೆ ಏರಿದರೆ ಪ್ಯಾಡು ಹಿಡಿತ ಕಳೆದುಕೊಳ್ಳುತ್ತದೆ, ಒಮ್ಮೊಮ್ಮೆ ಟ್ಯೂಬೇ ಒಡೆಯುತ್ತದೆ. ಹಾಗಾಗಿ ಬ್ರೇಕನ್ನು ಒತ್ತಿ ಹಿಡಿದೇ ಇಳಿಯಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿಯಿರಿ, ನೇರ ದಾರಿಯಲ್ಲಿ ಬಿಡಿ, ಗಾಳಿಗೆ ಅದು ಆರಲಿ. ಹಿಂದಿನದು, ಮುಂದಿನದು ಎರಡನ್ನೂ ಬಳಸಿ. ಮೂರು ನಾಲ್ಕು ಕಿ.ಮೀ.ಗೊಮ್ಮೆ ನಿಲ್ಲಿ. ನಿಂತಾಗ ಚಕ್ರದ ಬಳೆಯ ಹತ್ತಿರ ಕೈ ಒಡ್ಡಿದರೆ ಬಿಸಿ ಗೊತ್ತಾಗುತ್ತದೆ, ಮುಟ್ಟಬೇಡಿ. ತಿರುವಿನಲ್ಲಿ ಬಸ್ಸು, ಲಾರಿಗೆ ಇಡೀ ರಸ್ತೆ ಬೇಕಾಗುತ್ತದೆ. ಹಾರನ್ ಕೇಳಿದರೆ ಎಡಕ್ಕೆ ಸರಿದು ನಿಂತುಬಿಡಿ.

ಇಳಿದ ಮೇಲೆ ಗೇರುಸೊಪ್ಪೆ. 16ನೇ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಇಲ್ಲಿಂದ ಆಳುತ್ತಿದ್ದಳು. ಪೋರ್ಚುಗೀಸರು ಅವಳನ್ನು ಕರೆದದ್ದೇ ಕಾಳುಮೆಣಸಿನ ರಾಣಿ ಅಂತ. ಘಟ್ಟದ ಮೆಣಸು ಈ ಕಣಿವೆಯಲ್ಲೇ ಇಳಿದು ಹೊನ್ನಾವರದ ಅಳಿವೆಯಿಂದ ಹಡಗು ಹತ್ತುತ್ತಿತ್ತು. ನೀವು ಸೈಕಲ್ ತುಳಿಯುತ್ತಿರುವುದು ಆ ವ್ಯಾಪಾರದ ಜಾಡಿನಲ್ಲೇ. ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿಯನ್ನು ನೋಡದೆ ಮುಂದೆ ಹೋಗಬೇಡಿ. ನಾಲ್ಕು ದಿಕ್ಕಿಗೂ ಬಾಗಿಲಿರುವ ಕಲ್ಲಿನ ಬಸದಿ ಅದು. ಇಲ್ಲಿಂದ ಹೊನ್ನಾವರಕ್ಕೆ ಸುಮಾರು 30 ಕಿ.ಮೀ., ಹೊಳೆಯ ಜೊತೆಜೊತೆಗೇ ಸಾಗುವ ದಾರಿ. ಗಾಳಿಗೆ ಉಪ್ಪಿನ ವಾಸನೆ ಬಂದರೆ ಊರು ಹತ್ತಿರ ಬಂತು ಅಂತ.

ಬಸ್ಸು

ಬಸ್ಸನ್ನು ಜನ ಕೊನೆಯ ಗತಿ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಸ್ಸಿದೆ ಅನ್ನುವ ಧೈರ್ಯ ಇಲ್ಲದಿದ್ದರೆ ಅರ್ಧ ಜನ ಸೈಕಲ್ ಹೊರಗೇ ತೆಗೆಯುವುದಿಲ್ಲ.

ಸರ್ಕಾರಿ ಬಸ್ಸಿನ ಬೋರ್ಡು ಓದುವುದು ಕಷ್ಟವೇನಲ್ಲ. 'ಸಾಮಾನ್ಯ' ಅಥವಾ ಶಟ್ಲ್ ಕೈ ತೋರಿಸಿದ ಕಡೆಯೆಲ್ಲ ನಿಲ್ಲುತ್ತದೆ. 'ವೇಗದೂತ' ದೊಡ್ಡ ನಿಲ್ದಾಣಗಳಲ್ಲಿ. 'ತಡೆರಹಿತ' ಅಂದರೆ ನಡುವೆ ನಿಲ್ಲುವುದೇ ಇಲ್ಲ. ಉತ್ತರ ಕನ್ನಡದಲ್ಲಿ ಓಡುವುದು ಹುಬ್ಬಳ್ಳಿಯಲ್ಲಿ ಕಚೇರಿ ಇರುವ ವಾಯವ್ಯ ಸಾರಿಗೆಯ ಬಸ್ಸು. ಕುಂದಾಪುರ, ಉಡುಪಿ, ಮಂಗಳೂರು ಕಡೆ ಖಾಸಗಿ ಬಸ್ಸುಗಳದ್ದೇ ದರ್ಬಾರು. ಹೆದ್ದಾರಿಯಲ್ಲಿ ನಿಂತರೆ ಹತ್ತಿಪ್ಪತ್ತು ನಿಮಿಷದಲ್ಲಿ ಒಂದು ಸಿಗುತ್ತದೆ.

2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ. ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಕು. ಖಾಸಗಿ ಬಸ್ಸಿಗೆ ಇದು ನಡೆಯುವುದಿಲ್ಲ, ಹಾಗಾಗಿ ದಕ್ಷಿಣಕ್ಕೆ ಹೋದಷ್ಟೂ ಜೇಬಿನಲ್ಲಿ ಚಿಲ್ಲರೆ ಇರಲಿ. ಊರು ನೋಡಲೆಂದೇ ಗೆಳತಿಯರ ಜೊತೆ ಹೊರಟ ಎಷ್ಟೋ ಹೆಂಗಸರನ್ನು ಸಾಗರ, ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಕಂಡಿದ್ದೇನೆ. ನೋಡಿ ಖುಷಿಯಾಗುತ್ತದೆ.

ಸೈಕಲ್ ಹತ್ತಿಸುವುದು ಕಂಡಕ್ಟರ್ ಮನಸ್ಸಿನ ಮೇಲೆ ನಿಂತಿದೆ. ಮೇಲೆ ಕ್ಯಾರಿಯರ್ ಇರುವ ಹಳೆ ಬಸ್ಸಾದರೆ ಸುಲಭ, ಈಗಿನ ಹೊಸ ಬಸ್ಸುಗಳಲ್ಲಿ ಅದು ಕಡಿಮೆ. ದೂರದ ಬಸ್ಸಾದರೆ ಕೆಳಗೆ ಡಿಕ್ಕಿ ಇರುತ್ತದೆ. ಒಂದು ಸಲ ಕುಂದಾಪುರದ ಹತ್ತಿರ ಮಧ್ಯಾಹ್ನದ ಬಿಸಿಲಿಗೆ ಸೋತು ಬಸ್ಸಿಗೆ ಕೈ ಅಡ್ಡ ಹಿಡಿದೆ. ಕಂಡಕ್ಟರ್ ನನ್ನನ್ನೂ ಸೈಕಲ್ಲನ್ನೂ ನೋಡಿ, "ಎಂತ ಮಾರಾಯ್ರೆ, ಇದನ್ನೂ ಹತ್ತಿಸ್ಬೇಕಾ?" ಅಂದರು. ಅಷ್ಟರಲ್ಲಿ ನಾನು ಮುಂದಿನ ಚಕ್ರ ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ. ಅದನ್ನು ನೋಡಿ ನಕ್ಕು ಹಿಂದಿನ ಬಾಗಿಲು ತೆಗೆದರು. ಲಗೇಜ್ ಟಿಕೆಟ್ ಕೊಟ್ಟರು, ಹಗ್ಗ ಕಟ್ಟಲು ಅವರೇ ಕೈ ಹಾಕಿದರು. ಚಕ್ರ ಬಿಚ್ಚಿಕೊಂಡು ನಿಲ್ಲಿ, ನಿಮ್ಮದೇ ಹಗ್ಗ ಇಟ್ಟುಕೊಳ್ಳಿ, ಆಫೀಸು ಶಾಲೆ ಬಿಡುವ ಹೊತ್ತು ತಪ್ಪಿಸಿ. ಆಮೇಲೆ ಯಾರೂ ಬೇಡ ಅನ್ನುವುದು ಕಡಿಮೆ.

ಕಡಲ ದಾರಿ

ಹೊನ್ನಾವರದಿಂದ ಬೈಂದೂರು ಸುಮಾರು 60 ಕಿ.ಮೀ., ಬೈಂದೂರಿನಿಂದ ಉಡುಪಿ ಸುಮಾರು 70, ಅಲ್ಲಿಂದ ಮಂಗಳೂರು 60ರ ಆಸುಪಾಸು. ದಿನಕ್ಕೆ ಇಷ್ಟು ಸಾಕು. ಬ್ರೆವೆ ಎನ್ನುವ ದೂರದ ಸೈಕಲ್ ಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ ಮಿತಿ ಇದೆ. ಬೆಂಗಳೂರು, ಮೈಸೂರು ಕಡೆಯವರು ಬಹಳ ಜನ ಅದನ್ನು ಮುಗಿಸಿದ್ದಾರೆ. ಅದು ಬೇರೆಯದೇ ಸಾಧನೆ. ನಮಗೆ ಬೇಕಾಗಿರುವುದು ಊರು ನೋಡುವುದು. ಬೆಳಿಗ್ಗೆ ಐದೂವರೆಗೆ ಹೊರಟು ಹತ್ತೂವರೆಗೆ ಮುಗಿಸಿದರೆ ಬಿಸಿಲಿನ ಕಾಟ ಇಲ್ಲ, ಅಲ್ವಾ?

ಉತ್ತರದಿಂದ ದಕ್ಷಿಣಕ್ಕೆ ಬರುವುದಕ್ಕೂ ಕಾರಣವಿದೆ. ಹಗಲಲ್ಲಿ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ಬಿಸಿ ಗಾಳಿ ಮೇಲೇರಿ, ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಗಾಳಿ ಹೆಚ್ಚಾಗಿ ವಾಯವ್ಯದ ಕಡೆಯಿಂದ ಬೀಸುತ್ತದೆ. ತಡವಾಗಿ ಮಧ್ಯಾಹ್ನ ತುಳಿಯಬೇಕಾಗಿ ಬಂದರೂ ದಕ್ಷಿಣಕ್ಕೆ ಹೋಗುವವರ ಬೆನ್ನಿಗೆ ಅದು ಬೀಳುತ್ತದೆ. ಎದುರು ಗಾಳಿಯಲ್ಲಿ 20 ಕಿ.ಮೀ. ತುಳಿದವರಿಗೆ ಈ ಬೆನ್ನ ಗಾಳಿಯ ಬೆಲೆ ಗೊತ್ತು.

ಯುರೋಪಿನಂತೆ ನಮ್ಮಲ್ಲಿ ಸೈಕಲ್ಲಿಗೆಂದೇ ಬೋರ್ಡು ಹಾಕಿದ ದೂರದ ದಾರಿಗಳಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಬಹುಪಾಲು ಈಗ ನಾಲ್ಕು ಪಥ. ಅಂಚಿನಲ್ಲಿ ಹೋಗಬಹುದು, ಹಿಂದೆ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ. ಮರವಂತೆಯಲ್ಲಿ ಹೆದ್ದಾರಿಯನ್ನೇ ಹಿಡಿಯಬೇಕು, ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಉಳಿದ ಕಡೆ ಒಳದಾರಿ ಹುಡುಕಿ. ನನಗೆ ಬಹಳ ಇಷ್ಟವಾದದ್ದು ಎರಡು. ಸಾಸ್ತಾನದಲ್ಲಿ ಹೆದ್ದಾರಿ ಬಿಟ್ಟು ಹಂಗಾರಕಟ್ಟೆಗೆ ಹೋಗಿ, ಅಲ್ಲಿ ಹೊಳೆ ದಾಟಿಸುವ ದೋಣಿ ಸಿಕ್ಕರೆ ಸೈಕಲ್ ಸಮೇತ ಕೋಡಿ ಬೆಂಗ್ರೆಗೆ. ದೋಣಿ ಓಡುತ್ತಿದೆಯಾ ಅಂತ ಸಾಸ್ತಾನದಲ್ಲೇ ಕೇಳಿಕೊಳ್ಳಿ. ಕೋಡಿ ಬೆಂಗ್ರೆಯಿಂದ ಹೂಡೆ, ಮಲ್ಪೆಗೆ ಸಣ್ಣ ರಸ್ತೆ. ಬಲಕ್ಕೆ ಕಡಲು, ಎಡಕ್ಕೆ ಹೊಳೆ, ನಡುವೆ ಮೀನು ಒಣಗಿಸುವ ಅಂಗಳಗಳು. ಇನ್ನೊಂದು, ಮಲ್ಪೆಯ ಸೇತುವೆ ದಾಟಿ ಪಡುಕೆರೆ, ಮಟ್ಟು ಮೂಲಕ ಕಾಪುವಿಗೆ. ಮಟ್ಟು ಅಂದರೆ ಗುಳ್ಳ ಬದನೆಯ ಊರು, ಆ ಬದನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ.

ಎರಡು ಬಿಡಿ ಟ್ಯೂಬು ಚೀಲದಲ್ಲಿರಲಿ. ಸಣ್ಣ ಊರಿನ ಸೈಕಲ್ ಶಾಪಿನವರು ಪಂಚರ್ ಚೆನ್ನಾಗಿ ಹಾಕುತ್ತಾರೆ, ಆದರೆ ಗೇರ್ ಸೈಕಲ್ಲಿನ ಅಳತೆಯ ಟ್ಯೂಬು ಅವರಲ್ಲಿ ಇರುವುದು ಅಪರೂಪ.

ಕರಾವಳಿಯಲ್ಲಿ ರೈಲು ಹತ್ತುವ ಮನಸ್ಸಾದರೆ ಹೆಸರಿನ ಕೊನೆಯ 'ರೋಡ್' ಗಮನಿಸಿ. ಗೋಕರ್ಣ ರೋಡ್, ಮೂಕಾಂಬಿಕಾ ರೋಡ್, ಸುಬ್ರಹ್ಮಣ್ಯ ರೋಡ್. ರೈಲ್ವೆ ಭಾಷೆಯಲ್ಲಿ ಅದರ ಅರ್ಥ, ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಇಲ್ಲಿದೆ. ಮೂಕಾಂಬಿಕಾ ರೋಡ್ ಅಂದರೆ ಬೈಂದೂರಿನ ನಿಲ್ದಾಣ, ಅಲ್ಲಿಂದ ಮೂಕಾಂಬಿಕೆಯ ಕೊಲ್ಲೂರು ಸುಮಾರು 28 ಕಿ.ಮೀ. ಸೈಕಲ್ ಇಲ್ಲದೆ ಬಂದವರು ಇಲ್ಲಿ ಬಸ್ಸಿನ ಹೊತ್ತು ಮೊದಲೇ ತಿಳಿದುಕೊಂಡಿರಬೇಕು.

ಯಾವಾಗ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ. ಮಳೆಗಾಲದ ಜೋಗ ನೋಡಲೇಬೇಕು ಅನ್ನುವವರು ರೈಲು, ಬಸ್ಸಿನಲ್ಲಿ ಹೋಗಿ ಬನ್ನಿ, ಸೈಕಲ್ ಮನೆಯಲ್ಲಿರಲಿ. ಘಟ್ಟದ ರಸ್ತೆಯ ಮೇಲೆ ಪಾಚಿ, ಎಲೆ, ಮಂಜು. ಅದಕ್ಕಿಂತ ಹೆಚ್ಚಾಗಿ ಗುಡ್ಡ ಕುಸಿತ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಜನ ಸತ್ತರು. ಆ ದಾರಿಯಲ್ಲಿ ಹಾದುಹೋಗುವಾಗ ಇವತ್ತಿಗೂ ಎದೆ ಭಾರವಾಗುತ್ತದೆ. ಕೊಂಕಣ ರೈಲ್ವೆ ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಇಟ್ಟುಕೊಂಡಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ರೈಲುಗಳು ನಿಧಾನವಾಗಿ ಓಡುತ್ತವೆ, ಹೊತ್ತು ಬದಲಾಗುತ್ತದೆ. ಹಳೇ ಸಮಯ ನಂಬಿ ಹೋದರೆ ರೈಲು ತಪ್ಪುತ್ತದೆ.

ವಾಪಸ್ ಬರಲು ಮಂಗಳೂರಿನಿಂದ ರಾತ್ರಿ ರೈಲುಗಳಿವೆ. ನನ್ನ ಮಾತು ಕೇಳುವುದಾದರೆ ಮಂಗಳೂರು ಜಂಕ್ಷನ್‌ನಿಂದ ಯಶವಂತಪುರಕ್ಕೆ ಹೋಗುವ ಹಗಲು ರೈಲಿನ ದಿನ ನೋಡಿಕೊಂಡು ಟಿಕೆಟ್ ಮಾಡಿಸಿ. ಅದೂ ಹೊರಡುವ ನಿಲ್ದಾಣವೇ, ಸೈಕಲ್ ನಿಧಾನವಾಗಿ ಹತ್ತಿಸಬಹುದು. ಸುಬ್ರಹ್ಮಣ್ಯ ರೋಡ್ ಬಿಟ್ಟ ಮೇಲೆ ರೈಲು ಏದುಸಿರು ಬಿಡುತ್ತಾ ಹತ್ತುತ್ತದೆ. ಒಂದು ಸುರಂಗದ ಕತ್ತಲೆ, ಹೊರಗೆ ಬಂದರೆ ಕೆಳಗೆ ಕಣಿವೆ, ಮತ್ತೆ ಕತ್ತಲೆ. ನಾಲ್ಕು ದಿನದ ಹಿಂದೆ ಬ್ರೇಕ್ ಹಿಡಿದು ಬಿಟ್ಟು ಇಳಿದ ಎತ್ತರವನ್ನು ರೈಲು ಈಗ 50ಕ್ಕೆ 1ರಂತೆ ಒಂದೊಂದೇ ಮೀಟರ್ ವಾಪಸ್ ಹತ್ತುತ್ತಿರುತ್ತದೆ. ಯಶವಂತಪುರ ಮುಟ್ಟುವಾಗ ರಾತ್ರಿ. ರಸೀದಿ ಕೊಟ್ಟು ಸೈಕಲ್ ಬಿಡಿಸಿಕೊಳ್ಳಿ, ಗೇರಿಗೆ ಸುತ್ತಿದ ಬಟ್ಟೆ ಬಿಚ್ಚಿ, ದೀಪ ಹಾಕಿಕೊಳ್ಳಿ. ಮನೆಗೆ ಆಟೊ ಬೇಕಾಗಿಲ್ಲ.